ಪಕೀರಪ್ಪನ ಟವೆಲು, ಗೋಪಮ್ಮನ ಸೀಟು

ದೇವದುರ್ಗದ ಬಸ್ ನಿಲ್ದಾಣದಲ್ಲಿ ಒಂದು ಕಾನೂನಿದೆ. ಅದನ್ನು ಯಾರೂ ಬರೆದಿಲ್ಲ, ಹಾಗಾಗಿ ಯಾರಿಗೂ ತಿದ್ದುಪಡಿ ಮಾಡಲು ಸಾಧ್ಯವಾಗಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು ಎಸೆಯಬೇಕು. ಟವೆಲು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಟವೆಲಿನ ಒಡೆಯನದು. ಅವನು ಆಮೇಲೆ ಬೀಡಿ ಮುಗಿಸಿ, ಮೂತ್ರ ಮುಗಿಸಿ, ಊರಿನ ರಾಜಕೀಯವನ್ನೂ ಮುಗಿಸಿ ಸಾವಕಾಶ ಹತ್ತಿದರೂ ಆ ಟವೆಲನ್ನು ಸರಿಸುವ ಎದೆಗಾರಿಕೆ ಯಾರಿಗೂ ಇಲ್ಲ. ಟವೆಲು ಇಲ್ಲದವರು ಚೀಲ, ಛತ್ರಿ, ಊಟದ ಡಬ್ಬಿ ಎಸೆಯುತ್ತಾರೆ. ಗಬ್ಬೂರಿನ ಅಜ್ಜನೊಬ್ಬ ಕೈಗೆ ಏನೂ ಸಿಗದೆ ತನ್ನ ಹಲ್ಲಿನ ಸೆಟ್ಟನ್ನೇ ಎಸೆದು ಸೀಟು ಹಿಡಿದಿದ್ದ. ಆ ಹಲ್ಲುಗಳು ಸೀಟಿನ ಮೇಲೆ ಕೂತು ಎಲ್ಲರನ್ನೂ ನೋಡಿ ನಗುತ್ತಿದ್ದವು. ಬಸ್ಸು ತುಂಬಿ ತುಳುಕಿದರೂ ಆ ಸೀಟಿನ ಹತ್ತಿರ ಯಾರೂ ಸುಳಿಯಲಿಲ್ಲ.

ಈ ಕಾನೂನಿಗೆ ಒಂದು ಸುಪ್ರೀಂ ಕೋರ್ಟು ಇತ್ತು. ಅದರ ಹೆಸರು ಪಕೀರಪ್ಪ.

ಪಕೀರಪ್ಪ ಪ್ರಾಯದಲ್ಲಿ ಗೌಂಡಿಗಳ ಕೈಕೆಳಗೆ ಇಟ್ಟಿಗೆ ಎಸೆಯುವ ಕೆಲಸ ಮಾಡುತ್ತಿದ್ದವನು. ನೆಲದ ಮೇಲೆ ನಿಂತು ಒಂದೊಂದೇ ಇಟ್ಟಿಗೆ ಮೇಲಕ್ಕೆ ಎಸೆಯುವುದು, ಅಟ್ಟದ ಮೇಲೆ ನಿಂತವನು ಹೂ ಹಿಡಿದ ಹಾಗೆ ಹಿಡಿಯುವುದು. ದೇವದುರ್ಗದ ಅರ್ಧ ಮಾಳಿಗೆಗಳು ಅವನ ಕೈಯಿಂದ ಹಾರಿ ಹೋಗಿ ಕೂತಂಥವು. ಆಮೇಲೆ ಇಟ್ಟಿಗೆಯನ್ನು ಮೇಲೆತ್ತುವ ಮಷೀನು ಬಂತು. ಪಕೀರಪ್ಪ ಮನೆಯಲ್ಲಿ ಕೂತ, ಅವನ ಕೈ ಮಾತ್ರ ಕೂರಲಿಲ್ಲ. ಒಂದು ದಿನ ಬಸ್ ನಿಲ್ದಾಣದಲ್ಲಿ ತುಂಬಿದ ಬಸುರಿಯೊಬ್ಬಳು ಗದ್ದಲ ನೋಡಿ ಅಳುತ್ತ ನಿಂತಿದ್ದಳು. ಪಕೀರಪ್ಪ ಹೆಗಲ ಮೇಲಿನ ಟವೆಲು ತೆಗೆದು ಬೀಸಿದ. ಅದು ನಾಲ್ಕು ತಲೆಗಳ ಮೇಲಿಂದ ಹಾದು, ಕಿಟಕಿ ಸರಳಿಗೂ ತಾಗದೆ, ಸೀಟಿನ ಮೇಲೆ ಮಡಿಕೆ ಹಾಕಿ ಇಟ್ಟಂತೆ ಕೂತಿತು. ಅವತ್ತಿನಿಂದ ಅವನಿಗೆ ಅದೇ ಉದ್ಯೋಗ. ದುಡ್ಡು ಮುಟ್ಟುತ್ತಿರಲಿಲ್ಲ, ಒಂದು ಚಹಾ ಸಾಕು. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆಯಾದ ಮೇಲಂತೂ ಅವನಿಗೆ ಊಟಕ್ಕೂ ಪುರುಸೊತ್ತಿರಲಿಲ್ಲ. ಸರಕಾರ ಪ್ರಯಾಣ ಕೊಟ್ಟಿತ್ತು, ಪ್ರಯಾಣಕ್ಕೊಂದು ಪೀಠ ಕೊಡುವವನು ಪಕೀರಪ್ಪನೇ.

ಇಡೀ ತಾಲ್ಲೂಕನ್ನು ಕೂಡ್ರಿಸಿದ ಈ ಮನುಷ್ಯ ಒಬ್ಬಳನ್ನು ಮಾತ್ರ ನಿಲ್ಲಿಸಿಯೇ ಇಟ್ಟಿದ್ದ. ಅವಳು ಅವನ ಹೆಂಡತಿ ಗೋಪಮ್ಮ. ಅವಳಿಗೆಂದು ಹಿಡಿದ ಸೀಟು ಕೊನೆ ಗಳಿಗೆಯಲ್ಲಿ ಯಾರೋ ಬಾಣಂತಿಗೆ, ಯಾರೋ ಮುದುಕನಿಗೆ, ಒಮ್ಮೆ ಒಂದು ಕಾಯಿಲೆಯ ಮೇಕೆಗೂ ಹೋಗಿತ್ತು. ಗೋಪಮ್ಮ ತಮ್ಮನ ಮದುವೆಗೆ ಕವಿತಾಳಕ್ಕೆ ನಿಂತು ಹೋದಳು. ನೀರಮಾನ್ವಿ ಯಲ್ಲಮ್ಮನ ಗುಡಿಗೆ ನಿಂತು ಹೋದಳು. ಮೊಣಕಾಲು ನೋವೆಂದು ರಾಯಚೂರಿನ ಡಾಕ್ಟರ ಹತ್ತಿರ ಹೋದದ್ದೂ ನಿಂತೇ. ಬಹಳ ಹೊತ್ತು ನಿಲ್ಲಬಾರದೆಂದು ಡಾಕ್ಟರು ಹೇಳಿ ಕಳಿಸಿದರು, ಅವಳು ನಿಂತು ವಾಪಸು ಬಂದಳು. ಪಕೀರಪ್ಪ ಕಟ್ಟಿಕೊಂಡವಳು ಅಂದರೆ ಕಂಬಿ ಹಿಡಿದುಕೊಂಡವಳು ಎಂದೇ ಬಸ್ಸಿನವರ ಲೆಕ್ಕ.

ಇವರ ಒಬ್ಬನೇ ಮಗ ಅಂಬರೀಶ ಊರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ಅವನಿಗೆ ರಾಯಚೂರಿನ ಸುಜಾತಾ ಎಂಬ ಹುಡುಗಿಯನ್ನು ಗೊತ್ತು ಮಾಡಿದ್ದರು. ಅವಳು ಆಸ್ಪತ್ರೆಯೊಂದರಲ್ಲಿ ನರ್ಸು. ಭಾನುವಾರ ನಿಶ್ಚಯ. ಗಂಡಿನ ತಾಯಿ ಹೆಣ್ಣಿಗೆ ಉಡಿ ತುಂಬಿದರೆ ಮಾತ್ರ ಮಾತು ಗಟ್ಟಿಯಾದ ಹಾಗೆ. ಅಂಬರೀಶ ಒಂದು ಕ್ರೂಸರ್ ಗಾಡಿ ಮಾಡಿದ್ದ, ಆದರೆ ಬಳಗದವರು ಬೆಳಿಗ್ಗೆಯೇ ಅದರಲ್ಲಿ ಅವಲಕ್ಕಿ ಮೂಟೆಯಂತೆ ತುಂಬಿಕೊಂಡು ಹೋದರು. ಉಳಿದದ್ದು ಇವರು ಮೂವರೇ. ಇನ್ನೊಂದು ಗಾಡಿ ತರುತ್ತೇನೆಂದು ಮಗ ಹೇಳಿದ. ಪಕೀರಪ್ಪನಿಗೆ ಅವಮಾನವಾಯಿತು. ಊರಿಗೆಲ್ಲ ಸೀಟು ಕೊಡಿಸಿದವನು ಮಗನ ನಿಶ್ಚಯಕ್ಕೆ ಬಾಡಿಗೆ ಗಾಡಿಯಲ್ಲಿ ಹೋದರೆ ಬಸ್ ನಿಲ್ದಾಣ ಏನು ತಿಳಿದುಕೊಂಡೀತು ಎಂದ.

ಆಗ ಗೋಪಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಅವಳು ಗಂಡನೊಂದಿಗೆ ನೇರ ಮಾತಾಡುವುದು ಬಿಟ್ಟು ವರ್ಷಗಳಾಗಿದ್ದವು. ಮಾತು ಮಗನಿಗೆ ತಾಗಿ ಗಂಡನ ಕಡೆ ಪುಟಿಯುತ್ತಿತ್ತು, ಕೇರಂ ಬೋರ್ಡಿನ ಹಾಗೆ.

“ನಿಮ್ಮಪ್ಪಗ ಹೇಳು,” ಎಂದಳು ಮಗನಿಗೆ. “ನನಗ ಸೀಟು ಸಿಕ್ರ ಬರ್ತೀನಿ. ಅದೂ ಕಿಟಕಿ ಸೀಟು. ಸಿಗಲಿಲ್ಲಂದ್ರ ಉಡಿ ಸಾಮಾನು ನಿಮ್ಮ ಕೈಯಾಗ ಕೊಟ್ಟು ಹೊಳ್ಳಿ ಮನಿಗೆ ಬರ್ತೀನಿ. ಆಮ್ಯಾಲ ಹೆಣ್ಣಿನ ಉಡಿ ನಿಮ್ಮಪ್ಪ ತನ್ನ ಟವಲಿಂದ್ಲೇ ತುಂಬಲಿ.”

ಅವಳು ಸುಮ್ಮನೆ ಹೆದರಿಸುವವಳಲ್ಲ. ಒಮ್ಮೆ ತನ್ನ ತಮ್ಮನ ಮಾವನ ಮನೆಯ ಬಾಗಿಲಿನಿಂದಲೇ ಹಿಂದಿರುಗಿದ್ದು ಇಬ್ಬರಿಗೂ ನೆನಪಿತ್ತು. ಪಕೀರಪ್ಪ ಯಾವತ್ತೂ ಮಾಡದ ಕೆಲಸ ಮಾಡಿದ, ಓದಿದ ಮಗನ ಹತ್ತಿರ ಸಲಹೆ ಕೇಳಿದ. ಮುಂದಿನ ಕಿಟಕಿಗೆ ಗುರಿಯಿಟ್ಟರೆ ಟವೆಲು ಯಾಕೆ ಹಿಂದಿನ ಸೀಟಿಗೆ ಬೀಳುತ್ತದೆ, ಗಾಳಿ ಇದ್ದ ದಿನ ಯಾಕೆ ದಾರಿಯಲ್ಲೇ ಸತ್ತುಹೋಗುತ್ತದೆ ಎಂದ.

ಅಂಬರೀಶನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವನ ಪಾಠವನ್ನು ಇಷ್ಟು ಆಸೆಯಿಂದ ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ. ಊಟದ ತಟ್ಟೆ ಬದಿಗೆ ಸರಿಸಿ ಸಂವೇಗ ಅಂದರೇನು ಎಂದು ಶುರುಮಾಡಿದ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಬೇಕು ಎಂದಾಗ ಪಕೀರಪ್ಪ, ತನಗೆ ಜೋಳದ ರಾಶಿ ಗೊತ್ತು, ತೊಗರಿ ರಾಶಿ ಗೊತ್ತು, ಇದ್ಯಾವ ಹೊಲದ್ದು ಎಂದು ಕೇಳಿದ. ಮಗ ಸೋಲಲಿಲ್ಲ. ಬಸ್ಸು ಓಡುತ್ತಿರುತ್ತದೆ, ನಿಂತವನ ಕೈಯಲ್ಲಿನ ಟವೆಲಿಗೆ ಆ ಓಟ ಇರುವುದಿಲ್ಲ, ಅದಕ್ಕೇ ಸೀಟು ಮುಂದೆ ಹೋಗಿ ಟವೆಲು ಹಿಂದೆ ಬೀಳುತ್ತದೆ ಎಂದು ಬಿಡಿಸಿ ಹೇಳಿದ.

“ಇನ್ನೊಂದು ಅಂದ್ರ, ಟವಲಿಗೆ ತೂಕಿಲ್ಲ ಯಪ್ಪಾ,” ಎಂದ. “ಎಷ್ಟು ಜೋರು ಬೀಸಿದ್ರೂ ಗಾಳ್ಯಾಗ ಸಾಯ್ತದ. ತೂಕದ ಸಾಮಾನು ಇತ್ತಂದ್ರ ಸಾವಕಾಶ ಎಸೆದ್ರೂ ಹೋಗಿ ಕುಂಡರ್ತದ. ಆದ್ರ ನೀ ಅದನ್ನ ಮುಂದಕ್ಕ ದೂಡಿದಷ್ಟೂ ಅದು ನಿನ್ನ ಹಿಂದಕ್ಕ ದೂಡ್ತದ. ಎರಡೂ ಕೂಡಿಸಿದ್ರ ಮದಲೂ ಸೊನ್ನಿ, ಆಮ್ಯಾಲೂ ಸೊನ್ನಿ.”

ಪಕೀರಪ್ಪ ಒಪ್ಪಲಿಲ್ಲ. ಆಯುಷ್ಯವೆಲ್ಲ ಇಟ್ಟಿಗೆ ಎಸೆದರೂ ಒಂದು ಇಟ್ಟಿಗೆಯೂ ತನ್ನನ್ನು ತಿರುಗಿ ದೂಡಿರಲಿಲ್ಲ ಎಂದ. ಕಾಲು ನೆಲದ ಮೇಲಿದ್ದದ್ದಕ್ಕೆ ಆ ನೂಕನ್ನು ಭೂಮಿಯೇ ತಾನು ತೆಗೆದುಕೊಂಡಿತು ಎಂದು ಮಗ ಹೇಳಿದ. ಅಂದರೆ ತಾನು ಇಟ್ಟಿಗೆ ಎಸೆದಾಗಲೆಲ್ಲ ಭೂಮಿ ಸ್ವಲ್ಪ ಸರಿಯುತ್ತಿತ್ತೇ ಎಂದು ಪಕೀರಪ್ಪ ಕೇಳಿದ. ಕೂದಲೆಳೆಗಿಂತ ಬಹಳ ಕಡಿಮೆ, ಆದರೂ ಹೌದು ಎಂಬ ಉತ್ತರ ಬಂತು. ಮುಂದಿನದೇನೂ ಪಕೀರಪ್ಪನ ಕಿವಿಗೆ ಬೀಳಲಿಲ್ಲ. ಭೂಮಿ ಸರಿಸಿದ ಗಂಡಸಿಗೆ ಒಂದು ಕಿಟಕಿ ಸೀಟು ಯಾವ ಲೆಕ್ಕ ಎಂದುಕೊಂಡು ಎದ್ದು ಕೈ ತೊಳೆದ.

ನಿಲ್ದಾಣಕ್ಕೆ ಬಂದರೆ ಅಲ್ಲಿ ಮದುವೆಯ ಸೀಜನ್ನು ಮೈಮೇಲೆ ಬಂದಂತೆ ಕುಣಿಯುತ್ತಿತ್ತು. ರಾಯಚೂರಿನ ಬಸ್ಸು ನಿಲ್ಲುವ ಜಾಗದಲ್ಲಿ ಜನ ಗೋಡೆ ಕಟ್ಟಿ ನಿಂತಿದ್ದರು. ಪಕೀರಪ್ಪನ ಕಾಯಂ ಜಾಗದಲ್ಲಿ ಒಂದು ಇಡೀ ದಿಬ್ಬಣವಿತ್ತು. ಅವನ ಕಣ್ಣು ಬಡೇಬೀಯ ಪೇರಲಹಣ್ಣಿನ ತಳ್ಳುಗಾಡಿಯ ಮೇಲೆ ಬಿತ್ತು. ಬಡೇಬೀ ಆ ನಿಲ್ದಾಣದ ಹಳೇ ವ್ಯಾಪಾರಿ, ಪಕೀರಪ್ಪನ ಚಹಾದ ಜೊತೆಗಾರಳು. ಅವಳು ಏನಾಗುತ್ತಿದೆ ಎಂದು ಕೇಳುವುದರೊಳಗೆ ಅವನು ಪೇರಲಹಣ್ಣುಗಳ ನಡುವೆ ಕಾಲಿಟ್ಟು ಎದ್ದು ನಿಂತಿದ್ದ.

“ಇಳಿ ಪಕೀರಪ್ಪಣ್ಣ,” ಎಂದಳು ಬಡೇಬೀ. “ಗಾಲಿಗೆ ಹಚ್ಚಿದ ಕಲ್ಲು ಈಗ ತೆಗದೀನಿ. ನೆರಳಿಗೆ ಹೊಂಟಿದ್ದೆ.”

ಅಷ್ಟರಲ್ಲಿ ರಾಯಚೂರಿನ ಬಸ್ಸು ಗೇಟಿನೊಳಗೆ ತಿರುಗಿತು. ಅದರ ಆಚೆ ಪಕ್ಕದಲ್ಲಿ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಮಾನ್ವಿಯ ಬಸ್ಸು ಆಗಲೇ ನಿಂತಿತ್ತು. ಪಕೀರಪ್ಪ ಹೆಗಲ ಟವೆಲಿಗೆ ಕೈ ಹಾಕಿದ. ಅವತ್ತು ಅದು ಬಹಳ ಹಗುರವೆನಿಸಿತು, ಗಾಳಿ ಬೇರೆ ಇತ್ತು. ತೂಕದ ಸಾಮಾನು ಎಂದು ಮಗ ಹೇಳಿದ ಮಾತು ತಲೆಯಲ್ಲಿ ಗಂಟೆ ಹೊಡೆಯಿತು. ಗಾಡಿಯ ಪಕ್ಕದಲ್ಲಿ ಅಂಬರೀಶ ಉಡಿ ಸಾಮಾನಿನ ಚೀಲ ಹಿಡಿದು ನಿಂತಿದ್ದ. ಅದರಲ್ಲಿ ತೆಂಗಿನಕಾಯಿ, ಕೊಬ್ಬರಿ ಬಟ್ಟಲು, ಸಕ್ಕರೆ, ಅಕ್ಕಿ, ಜರಿಯಂಚಿನ ಸೀರೆ. ಮಗ ಬೇಡವೆನ್ನುವ ಮೊದಲೇ ಚೀಲ ಅಪ್ಪನ ಕೈಯಲ್ಲಿತ್ತು, ಮರುಗಳಿಗೆ ಗಾಳಿಯಲ್ಲಿತ್ತು.

ಚೀಲ ಮುಂದಕ್ಕೆ ಹೋಯಿತು. ತಳ್ಳುಗಾಡಿ ಹಿಂದಕ್ಕೆ ಹೋಯಿತು. ಎರಡೂ ಕೂಡಿಸಿದರೆ ಸೊನ್ನೆ, ಆದರೆ ಆ ಸೊನ್ನೆಯನ್ನು ಅಲ್ಲಿ ನಿಂತು ಕೂಡಿಸುವ ವ್ಯವಧಾನ ಯಾರಿಗಿತ್ತು. ಸಾವಕಾಶ ಹೊರಟ ಗಾಡಿಗೆ ನಿಲ್ದಾಣದ ಇಳಿಜಾರು ಸಿಕ್ಕಿತು. ಪಕೀರಪ್ಪ ಎಸೆದ ಭಂಗಿಯಲ್ಲೇ, ಒಂದು ಕೈ ಮುಂದೆ ಚಾಚಿಕೊಂಡು, ಸರ್ಕಲ್ಲಿನ ಪ್ರತಿಮೆಯೊಂದು ಬೇಸರವಾಗಿ ಊರು ಬಿಟ್ಟು ಹೊರಟಂತೆ ಹಿಂದೆ ಹಿಂದೆ ಸಾಗಿದ. ಬಡೇಬೀ ಗಾಡಿಯ ಹಿಂದೆ, ಪೇರಲಹಣ್ಣು ಬಡೇಬೀಯ ಹಿಂದೆ. ಕೊನೆಗೆ ಸಿಮೆಂಟಿನ ಬೆಂಚೊಂದು ಅಡ್ಡ ಬಂದು ಗಾಡಿ ನಿಂತಿತು. ಅಲ್ಲಿ ಕೂತಿದ್ದವರು ಎದ್ದು ಅವನಿಗೆ ಜಾಗ ಕೊಟ್ಟರು, ಇಷ್ಟು ದೂರದಿಂದ ನಿಂತು ಬಂದಿದ್ದಾನಲ್ಲ ಎಂದು.

ಚೀಲದ ಕಥೆ ಬೇರೆ. ತೂಕದ ಸಾಮಾನಿಗೆ ಟವೆಲಿನ ಹಾಗೆ ಸುಸ್ತಾಗುವುದು ಗೊತ್ತಿಲ್ಲ. ಅದು ರಾಯಚೂರು ಬಸ್ಸಿನ ಈ ಕಿಟಕಿಯಿಂದ ಒಳಗೆ ಹೋಯಿತು, ಖಾಲಿ ಸೀಟನ್ನು ಕಂಡೂ ಕಾಣದಂತೆ ದಾಟಿತು, ಗಾಜಿಲ್ಲದ ಆ ಕಿಟಕಿಯಿಂದ ಹೊರಬಿತ್ತು, ಪಕ್ಕದ ಮಾನ್ವಿ ಬಸ್ಸಿನ ಕಿಟಕಿಯೊಳಗೆ ನುಗ್ಗಿ, ಡ್ರೈವರನ ಹಿಂದೆ ಆಗತಾನೇ ಖಾಲಿಯಾದ ಸೀಟಿನ ಮೇಲೆ ದೊಪ್ಪನೆ ಕೂತಿತು. ಮಾನ್ವಿ ಬಸ್ಸಿನ ಜನ ಕಾನೂನು ಬಲ್ಲವರು. ಒಬ್ಬ ಚೀಲವನ್ನು ನೆಟ್ಟಗೆ ಮಾಡಿ ಇಟ್ಟ. ಆಮೇಲೆ ಎಲ್ಲರೂ ಅದರ ಒಡೆಯ ಬರುವುದನ್ನು ಕಾಯುತ್ತ ಸುತ್ತ ನಿಂತರು.

ಪಕೀರಪ್ಪ ಕುಂಟುತ್ತ ವಾಪಸು ಬರುವ ಹೊತ್ತಿಗೆ ರಾಯಚೂರಿನ ಬಸ್ಸು ತುಂಬಿ ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಗೋಪಮ್ಮ ಮಾನ್ವಿ ಬಸ್ಸಿನಲ್ಲಿ ಕೂತಿದ್ದಳು. ಕಿಟಕಿಯ ಪಕ್ಕ. ಚೀಲ ತೊಡೆಯ ಮೇಲೆ. ಅಂಬರೀಶ ಕೆಳಗೆ ನಿಂತು ಕೈ ಮುಗಿಯುತ್ತಿದ್ದ.

“ಯವ್ವಾ, ಇದು ಮಾನ್ವಿ ಬಸ್ಸು. ನಾವು ಹೋಗಬೇಕಾಗಿದ್ದು ರಾಯಚೂರಿಗೆ.”

“ನಾ ಕೇಳಿದ್ದು ಸೀಟು,” ಎಂದಳು ಗೋಪಮ್ಮ. “ಊರು ಕೇಳಿದ್ದಿಲ್ಲ.”

ಚಲಿಸದ ವಸ್ತು ಚಲಿಸದೇ ಇರುತ್ತದೆ ಎಂದು ಅಂಬರೀಶ ವರ್ಷ ವರ್ಷವೂ ಮಕ್ಕಳಿಗೆ ಹೇಳಿದವನೇ. ಆ ವಸ್ತು ತನ್ನ ತಾಯಿಯೇ ಆಗಿರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಕಂಡಕ್ಟರ್ ಮೌನೇಶ, ಹೆಸರಿಗೆ ಮೌನೇಶ, ಬಾಯಿಗೆ ಬ್ರೇಕಿಲ್ಲ, ಅವನೇ ದಾರಿ ತೋರಿಸಿದ. ಈ ಬಸ್ಸಿನ ಹಣೆಬರಹವೇ ಸುತ್ತುವುದು ಎಂದ. ದೇವದುರ್ಗದಿಂದ ಮಾನ್ವಿ, ಬೋರ್ಡು ಬದಲಿಸಿ ಮಾನ್ವಿಯಿಂದ ರಾಯಚೂರು, ಮತ್ತೆ ಬೋರ್ಡು ಬದಲಿಸಿ ರಾಯಚೂರಿನಿಂದ ದೇವದುರ್ಗ. ಅಮ್ಮ ಕೂತಲ್ಲೇ ಕೂತರೂ ರಾಯಚೂರು ತಾನಾಗಿ ಬರುತ್ತದೆ, ತಡವಾಗುತ್ತದೆ ಅಷ್ಟೇ. ಅಪ್ಪ ಮಗ ಇಬ್ಬರೂ ಹತ್ತಿದರು. ನಿಂತುಕೊಂಡರು.

ಬಸ್ಸು ಊರು ದಾಟಿದ ಮೇಲೆ ಪಕೀರಪ್ಪ ಹೆಂಡತಿಯ ಮುಖ ನೋಡಿದ. ನಿಂತವರಿಗೆ ಬಸ್ಸಿನ ಕಿಟಕಿಯಲ್ಲಿ ಕಾಣುವುದು ರಸ್ತೆಯ ಅಂಚು, ಚರಂಡಿ, ಸೈಕಲ್ಲಿನ ಗಾಲಿ. ಕೂತವರಿಗೆ ಮಾತ್ರ ಗಿಡದ ತಲೆಯೂ ಮುಗಿಲೂ ಸಿಗುತ್ತವೆ. ಗೋಪಮ್ಮ ಹತ್ತಿ ಹೊಲ, ಕಾಲುವೆ, ದೂರದ ಗುಡ್ಡ ಎಲ್ಲವನ್ನೂ ಈ ಕಡೆಗೆ ಮೊದಲ ಸಲ ಬಂದವಳಂತೆ ನೋಡುತ್ತಿದ್ದಳು. ಈ ರಸ್ತೆಯಲ್ಲಿ ಗುಡ್ಡಗಳಿವೆ ಎಂದು ನನಗೆ ಯಾಕೆ ಯಾರೂ ಹೇಳಲಿಲ್ಲ ಎಂದು ಮಗನನ್ನು ಕೇಳಿದಳು. ಉತ್ತರ ಪಕೀರಪ್ಪ ಕೊಡಬೇಕಾದದ್ದು. ಅವನು ಕಂಬಿ ಒರೆಸಿದ.

ಮಾನ್ವಿಯಲ್ಲಿ ಬಸ್ಸು ಖಾಲಿಯಾಯಿತು, ಗೋಪಮ್ಮ ಖಾಲಿಯಾಗಲಿಲ್ಲ. ಬೋರ್ಡು ಬದಲಾಗುತ್ತಲೇ ರಾಯಚೂರಿಗೆ ಹೋಗುವವರ ಟವೆಲುಗಳು ಕಿಟಕಿಗಳಿಂದ ಸುರಿದವು. ಅದರಲ್ಲೊಂದು ನೇರ ಬಂದು ಗೋಪಮ್ಮನ ತಲೆಯ ಮೇಲೆ ಸೆರಗಿನಂತೆ ಕೂತಿತು. ಅದರ ಹಿಂದೆಯೇ ಅದರ ಒಡೆಯ, ಕಿರಾಣಿ ಅಂಗಡಿಯ ಶಂಶುದ್ದೀನ್, ಹತ್ತಿ ಬಂದು ನ್ಯಾಯ ಕೇಳಿದ. ತನ್ನ ಟವೆಲು ಬಿದ್ದ ಜಾಗ ತನ್ನದು, ಕಾನೂನು ಎಲ್ಲ ಊರಿಗೂ ಒಂದೇ ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬಸ್ಸಿನ ಜನ ಎರಡು ಭಾಗವಾದರು. ಟವೆಲು ಬಿದ್ದದ್ದು ಸೀಟಿನ ಮೇಲೋ ಹೆಂಗಸಿನ ಮೇಲೋ, ಹೆಂಗಸಿನ ಮೇಲಾದರೆ ಹೆಂಗಸು ಯಾರಿಗೆ ಸೇರಬೇಕು ಎಂಬಲ್ಲಿಗೆ ಚರ್ಚೆ ಬಂದಾಗ ಶಂಶುದ್ದೀನನೇ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ.

ಎಲ್ಲರೂ ಪಕೀರಪ್ಪನ ಕಡೆ ತಿರುಗಿದರು. ಅವನ ಕೀರ್ತಿ ಮಾನ್ವಿಗೂ ತಲುಪಿತ್ತು. ಇಂಥ ಸಂದರ್ಭದಲ್ಲಿ ಅವನು ಯಾವಾಗಲೂ ಎದುರಿನವನ ಪರ ತೀರ್ಪು ಕೊಟ್ಟು ಹೆಂಡತಿಯನ್ನು ಎಬ್ಬಿಸುತ್ತಿದ್ದ. ನಾಲಿಗೆ ಆ ಹಳೇ ದಾರಿಗೆ ಹೊರಳಿತ್ತು ಕೂಡ. ಗೋಪಮ್ಮ ಟವೆಲಿನೊಳಗಿನಿಂದ ಅವನನ್ನೇ ನೋಡುತ್ತಿದ್ದಳು.

“ಸೀಟು ಖಾಲಿ ಇದ್ರ ಟವಲಿಗೆ ಸೇರ್ತದ,” ಎಂದ ಪಕೀರಪ್ಪ. “ಮನಷ್ಯಾರ ಮ್ಯಾಲ ಬಿತ್ತಂದ್ರ ಅದು ಬರೇ ಬಟ್ಟಿ. ತಗೊಂಡು ಹೋಗ್ರಿ.”

ರಾಯಚೂರಿನಲ್ಲಿ ಹೆಣ್ಣಿನ ಮನೆಯವರ ಫೋನು ಬಿಡದೆ ಹೊಡೆದುಕೊಳ್ಳುತ್ತಿತ್ತು. ಕ್ರೂಸರಿನ ಬಳಗ ಊಟವನ್ನೂ ಮುಗಿಸಿ ಎಲೆಯಡಿಕೆಗೆ ಬಂದಿತ್ತು. ಬಸ್ಸು ರಾಯಚೂರಿನ ನಿಲ್ದಾಣ ಸೇರಿದ ಮೇಲೆ ಮೌನೇಶ ಬೋರ್ಡನ್ನು ದೇವದುರ್ಗಕ್ಕೆ ತಿರುಗಿಸಿ, ಚಹಾ ಕುಡಿದು ಬಂದ ಕೂಡಲೇ ಹೊರಡುವುದೆಂದು ಸಾರಿದ. ಗೋಪಮ್ಮ ಕಿಟಕಿಯಿಂದ ಹೊರಗೆ ನೋಡಿದಳು. ಭಾನುವಾರ ಸಂಜೆಯ ಜನಸಾಗರ ಟವೆಲು ತಿರುವುತ್ತ ನಿಂತಿತ್ತು. ಇಳಿದರೆ ವಾಪಸು ನಿಂತೇ ಹೋಗಬೇಕು. ಅವಳು ಸೀಟಿಗೆ ಇನ್ನಷ್ಟು ಒತ್ತಿಕೊಂಡು ಕೂತಳು.

ಅಂಬರೀಶ ಬೇಡಿದ. ಬಳಗದವರು ಬಂದು ಬೈದರು. ಕೊನೆಗೆ ಪಕೀರಪ್ಪನೇ, ವಾಪಸಿಗೆ ಇನ್ನೊಂದು ಸೀಟು ಎಸೆದುಕೊಡುತ್ತೇನೆ ಎಂದ. ಅವಳು ಮಗನ ಕಡೆ ನೋಡಿ, ನಿಮ್ಮಪ್ಪ ಎಸೆದದ್ದು ಯಾವ ಊರಿಗೆ ಬೀಳುತ್ತದೋ ಯಾರಿಗೆ ಗೊತ್ತು ಎಂದಳು. ನಿಶ್ಚಲವಾಗಿ ಕೂತ ಒಬ್ಬ ತಾಯಿಯಿಂದ ನಿಶ್ಚಯ ಮುರಿಯುತ್ತದೆ ಎಂದುಕೊಂಡು ಅಂಬರೀಶ ಬಸ್ಸಿನ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ.

ಹೆಣ್ಣಿನ ಮನೆ ನಿಲ್ದಾಣದ ಹಿಂದಿನ ಓಣಿಯಲ್ಲೇ ಇತ್ತು. ಹೆಣ್ಣಿನ ತಾಯಿ ಆದೆಮ್ಮ ಮಗಳನ್ನು ಕರೆದುಕೊಂಡು ತಾನೇ ಬಂದುಬಿಟ್ಟಳು. ಹಸಿರು ಸೀರೆಯ ಸುಜಾತಾ ಜನರ ನಡುವೆ ದಾರಿ ಮಾಡುತ್ತ ಬಂದದ್ದನ್ನು ಪಕೀರಪ್ಪ ಕಂಡ. ಇಂಥ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದು ಹೇಳುವುದಕ್ಕೇ ಬಂದಿದ್ದಾರೆಂದು ಅವನಿಗೆ ಖಾತ್ರಿಯಾಯಿತು. ಆದೆಮ್ಮ ಕಿಟಕಿಯ ಕೆಳಗೆ ನಿಂತು ತಲೆ ಎತ್ತಿದಳು.

“ಕಿಟಕಿ ಸೀಟೇನ್ರಿ?” ಎಂದಳು ಆದೆಮ್ಮ.

“ಹೂಂನ್ರಿ.”

“ದೇವದುರ್ಗದ ತನಕ?”

“ಹೂಂ.”

“ಮತ್ತ ಹೆಂಗ ಇಳೀತೀರಿ ಬಿಡ್ರಿ,” ಎಂದಳು ಆದೆಮ್ಮ, ಮಗಳ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ತಳ್ಳುತ್ತ. “ಇಲ್ಲೇ ತುಂಬ್ರಿ.”

ಹಾಗೆ ಅಂಬರೀಶನ ನಿಶ್ಚಯ ಆಯಿತು. ಗೋಪಮ್ಮ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಾಗಿ ಹುಡುಗಿಗೆ ಕುಂಕುಮ ಹಚ್ಚಿದಳು. ಹುಡುಗಿ ಸೆರಗು ಹಿಡಿದಳು, ಮೇಲಿನಿಂದ ಅಕ್ಕಿ, ಕೊಬ್ಬರಿ, ಸೀರೆ ಇಳಿದವು. ಅಪ್ಪ ಮಗ ಇಬ್ಬರೂ ಒಳಗಿನಿಂದ ಗೋಪಮ್ಮನ ಕಾಲು ಹಿಡಿದಿದ್ದರು, ಅವಳು ಸಾಮಾನಿನ ಜೊತೆಗೇ ಉಡಿಗೆ ಬೀಳಬಾರದಲ್ಲ. ತೆಂಗಿನಕಾಯಿ ಬೆಳಗಿನ ಹಾರಾಟದಲ್ಲಿ ಬಿರುಕು ಬಿಟ್ಟಿತ್ತು. ಬಳಗದ ಮುದುಕಿಯೊಬ್ಬಳು ಅಪಶಕುನ ಎಂದು ಗೊಣಗಿದಳು. ಸುಜಾತಾ ಕಾಯಿಯನ್ನು ತಿರುಗಿಸಿ ನೋಡಿ, ಅರ್ಧ ಕೆಲಸ ಮುಗಿಸಿಯೇ ತಂದಿದ್ದಾರೆ, ಒಳ್ಳೆಯ ಮನೆ ಎಂದಳು. ಅಂಬರೀಶ ಅವಳನ್ನು ಆಗ ಸರಿಯಾಗಿ ನೋಡಿದ. ಸಕ್ಕರೆ ಬಸ್ಸಿನವರಿಗೆಲ್ಲ ಹಂಚಿಕೆಯಾಯಿತು. ಮೌನೇಶ ತನ್ನ ಪಾಲು ಬಾಯಿಗೆ ಹಾಕಿಕೊಂಡು ಸೀಟಿ ಊದಿದ, ಬಸ್ಸು ಹೊರಟಿತು.

ಕಲಮಲಾದಲ್ಲಿ ಒಬ್ಬ ಹೆಂಗಸು ಹತ್ತಿದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಗಂಟು, ಕಂಬಿ ಹಿಡಿಯಲು ಮೂರನೆಯ ಕೈ ಇಲ್ಲ. ಪಕೀರಪ್ಪ ಅಭ್ಯಾಸದಂತೆ ಹೆಂಡತಿಯ ಕಡೆ ತಿರುಗಿದವನು ನಾಲಿಗೆ ಕಚ್ಚಿಕೊಂಡು ಬಸ್ಸಿನ ಚಾವಣಿಯ ಕಡೆ ನೋಡತೊಡಗಿದ. ಗೋಪಮ್ಮ ಆ ಹೆಂಗಸನ್ನು ನೋಡಿದಳು. ಕಿಟಕಿಯ ಹೊರಗೆ ಒಂದು ಸಲ ಕಣ್ಣು ಹಾಯಿಸಿದಳು. ಆಮೇಲೆ ಎದ್ದು, ಬಾ ತಂಗಿ ಎಂದು ಅವಳನ್ನು ತನ್ನ ಸೀಟಿಗೆ ಕೂಡ್ರಿಸಿ, ಗಂಡನ ಪಕ್ಕ ಬಂದು ಕಂಬಿ ಹಿಡಿದಳು.

ಪಕೀರಪ್ಪನಿಗೆ ಅರ್ಥವಾಗಲಿಲ್ಲ. ಮೂರು ಊರು ಸುತ್ತಿಸಿ, ಬೀಗರನ್ನು ಬೀದಿಗೆ ತಂದು, ಈಗ ಎದ್ದೆಯಾ ಎಂದು ಮೆಲ್ಲಗೆ ಕೇಳಿದ. ಗೋಪಮ್ಮ ಮಗನನ್ನು ಹುಡುಕಲಿಲ್ಲ. ನೇರ ಅವನ ಮುಖಕ್ಕೇ ಹೇಳಿದಳು.

“ಇಷ್ಟು ದಿನ ನನ್ನ ಸೀಟು ನೀವು ಕೊಟ್ರಿ. ಇದು ನಾ ಕೊಟ್ಟೆ.”

ಅಷ್ಟರಲ್ಲಿ ಗಬ್ಬೂರು ಬಂತು. ಡ್ರೈವರು ಗಕ್ಕನೆ ಬ್ರೇಕು ಒತ್ತಿದ. ಗೋಪಮ್ಮ ಗಂಡನಿಗೆ ತಾಗಿದಳು, ಗಂಡ ಮಗನಿಗೆ, ಮಗ ಮುಂದಿನವನಿಗೆ. ನಿಂತವರ ಸಾಲು ಎಷ್ಟು ಒತ್ತಾಗಿತ್ತೆಂದರೆ ನಡುವಿನವರ್ಯಾರೂ ಕದಲಿದ್ದು ಕಾಣಲಿಲ್ಲ. ಆ ನೂಕು ಒಬ್ಬರಿಂದ ಒಬ್ಬರಿಗೆ ಸದ್ದಿಲ್ಲದೆ ದಾಟಿ ಹೋಗಿ, ತೆರೆದ ಬಾಗಿಲಲ್ಲಿ ಕೊನೆಯವನಾಗಿ ನಿಂತಿದ್ದ ಮೌನೇಶನನ್ನು ಮಾತ್ರ ಹೊರಗೆ ಕಳಿಸಿತು. ಅವನು ಎರಡೂ ಕಾಲ ಮೇಲೆ ಗಬ್ಬೂರಿನ ನೆಲಕ್ಕೆ ಇಳಿದು, ಅಂಗಿ ಸರಿಮಾಡಿಕೊಂಡು, ತಾನೇ ಇಳಿದವನ ಗತ್ತಿನಲ್ಲಿ ಗಬ್ಬೂರು, ಗಬ್ಬೂರು ಎಂದು ಕೂಗತೊಡಗಿದ.

ಬಸ್ಸಿನೊಳಗೆ ಗೋಪಮ್ಮ ಗಂಡನಿಗೆ ಆತುಕೊಂಡೇ ಇದ್ದಳು. ಬ್ರೇಕು ಮುಗಿದು ಬಹಳ ಹೊತ್ತಾಗಿತ್ತು.